ಗಾಳಿ ಬೀಸಲಿ ಅಂತ

ಜನವರಿ 8, ಬೆಳಿಗ್ಗೆ

ಹಲ್ಲುಜ್ಜುವ ಮೊದಲೇ ವೆದರ್ ಆ್ಯಪ್ ನೋಡಿದೆ. ಅಪ್ಪ ಕೆಲಸ ಮಾಡುವ ಕಾಡಿನ ಕಡೆ ಗಾಳಿ ಕಡಿಮೆ, ಬಿಸಿಲು ಹದ. ಅಂದರೆ ಇವತ್ತೂ ತರಗೆಲೆ ಸುಡುತ್ತಾರೆ. ಅಂದರೆ ಅಪ್ಪನಿಗೆ ರಜೆ ಇಲ್ಲ.

ರೂಮ್‌ಮೇಟ್ ಹೊದಿಕೆಯೊಳಗಿಂದಲೇ, "ಏನೇ, ಬೆಳಿಗ್ಗೆ ಬೆಳಿಗ್ಗೆ ಯಾರ ಮೆಸೇಜು?"

"ಗಾಳಿ ನೋಡ್ತಿದೀನಿ."

"ನಿಂಗೇ ಗಾಳಿ ಹಿಡಿದಿದೆ. ಮಲಕ್ಕೋ."

ಜನವರಿ 10

ಪಾಲಿಸಿ ಕ್ಲಾಸಿನಲ್ಲಿ ನನ್ನ ಸೆಮಿನಾರ್. ಹೊಸ ಅರಣ್ಯ ನೀತಿಯ ಬಗ್ಗೆ ಹೇಗೋ ಓದಿದೆ — ಬೇಸಿಗೆಗೆ ಮುಂಚೆ, ತಂಪು ದಿನಗಳಲ್ಲಿ, ಕಾಡಿನ ನೆಲದಲ್ಲಿ ಒಣಗಿ ಬಿದ್ದದ್ದನ್ನು ಸರ್ಕಾರವೇ ಸ್ವಲ್ಪ ಸ್ವಲ್ಪ ಸುಡಿಸುವುದು. ಇಷ್ಟು ವರ್ಷ ಸಣ್ಣ ಬೆಂಕಿಯನ್ನೂ ಬಿಡದೆ ಆರಿಸಿ ಆರಿಸಿ, ಈಗ ತರಗೆಲೆ ಮೊಣಕಾಲೆತ್ತರ. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಅಂಚಿನ ಊರುಗಳೂ ಹೋಗುತ್ತವೆ. ಗಾಳಿ ಜೋರಿದ್ದ ದಿನ ಸುಡುವ ಹಾಗಿಲ್ಲ. ಕೆಲಸ ಮುಗಿಯುವ ತನಕ ಸಿಬ್ಬಂದಿಗೆ ರಜೆಯಿಲ್ಲ. ಈ ಸಾಲನ್ನು ಎರಡು ಸಲ ಓದಿಬಿಟ್ಟೆ. ಯಾರೂ ಗಮನಿಸಲಿಲ್ಲ, ಥ್ಯಾಂಕ್ ಗಾಡ್.

ಹಿಂದಿನ ಬೆಂಚಿನವನು, "ಅಪ್ಪ ಅಲ್ಲಿ ಬೆಂಕಿ ಹಚ್ತಾರೆ, ಮಗಳು ಇಲ್ಲಿ ಭಾಷಣ ಬಿಗೀತಾಳೆ. ಒಳ್ಳೆ ಫ್ಯಾಮಿಲಿ ಬಿಸಿನೆಸ್ಸು." ಎಲ್ಲರೂ ನಕ್ಕರು. ಮೇಡಂ ಕೂಡ.

ಅಮ್ಮ ತೀರಿಕೊಂಡ ಮೇಲೆ ಹಾಸ್ಟೆಲೇ ಮನೆ. ಸ್ಕೂಲಿನ ಪೇರೆಂಟ್ಸ್ ಡೇಗೆ ಅಪ್ಪ ಬಂದದ್ದೇ ಇಲ್ಲ. ಅದು ಬೇಸಿಗೆಯಲ್ಲಿ — ಕಾಡು ಉರಿಯುತ್ತಿರುತ್ತಿತ್ತು. ಈಗ ಮೊದಲೇ ಉರಿಸುತ್ತಾರೆ. ನನ್ನ ಪಾಲಿಗೆ ಅದೇ ಹಾಡು.

ಜನವರಿ 15, ಸಂಜೆ

ಅಪ್ಪನ ಫೋನ್. ಹಿಂದೆ ಜೀಪಿನ ಸದ್ದು.

"ಶನಿವಾರ ಗಾಳಿ ಎದ್ರೆ ಕೆಲಸ ನಿಲ್ಲುತ್ತೆ ಪುಟ್ಟಿ. ಸಾಹೇಬರನ್ನ ಕೇಳಿದೀನಿ. ಬಂದ್ಬಿಡ್ತೀನಿ."

"ಏಳದಿದ್ರೆ?"

"ಒಳ್ಳೇದೇ ಅಲ್ವಾ, ಸುಡಬಹುದು." ಅಂದು ಫೋನಿಟ್ಟರು.

ಗಾಳಿ ಬೀಸಲಿ. ಪ್ಲೀಸ್. ಕಾಡು ಹಾಳಾಗಿ ಹೋಗಲಿ... ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ.

ಜನವರಿ 18, ಶನಿವಾರ

ಬಂದರು.

ನಿನ್ನೆಯಿಂದ ಒಂದೇ ಸಮ ಗಾಳಿ. ವಿಸಿಟರ್ಸ್ ರೂಮಿನಲ್ಲಿ ಕುರ್ಚಿಯ ತುದಿಗೆ ಕೂತಿದ್ದರು, ಡಾಕ್ಟರಿಗೆ ಕಾಯುವವರ ಹಾಗೆ. ಒಗೆದ ಶರ್ಟಿನಲ್ಲೂ ಹೊಗೆ ವಾಸನೆ. ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಏನೇನೋ ಹೇಳುತ್ತಿದ್ದೆ. ಹೂಂಗುಟ್ಟುತ್ತಿದ್ದರು, ಕಣ್ಣು ಮಾತ್ರ ಕಿಟಕಿಯಾಚೆ. ನಾನೂ ತಿರುಗಿದೆ. ಒಂದು ಎಲೆಯೂ ಅಲ್ಲಾಡುತ್ತಿಲ್ಲ.

"ಗಾಳಿ ನಿಂತಿದೆ, ಅಪ್ಪ."

"ನಿಂತ್ರೆ ನಿಲ್ಲಲಿ. ಊಟ ಮಾಡು."

"ಅಲ್ಲೂ ನಿಂತಿದೆ. ಆ್ಯಪಲ್ಲಿ ನೋಡಿದೆ."

"ಸುಡೋಕೆ ಉಳಿದಿರೋದು ಊರಿನ ಮಗ್ಗುಲಿನ ಕಾಡಿನ ಪಟ್ಟಿ ಒಂದೇ," ಅಂದರು, ತಟ್ಟೆ ನೋಡುತ್ತ. "ನಾಳೆ ತಪ್ಪಿದ್ರೆ ಬಿಸಿಲೇರುತ್ತೆ, ಈ ವರ್ಷಕ್ಕೆ ಅಷ್ಟೇ."

'ಹೋಗಿ' ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ನಾನೂ ಬರಲಾ? ವಾಲಂಟಿಯರ್ಸ್‌ಗೆ ಅವಕಾಶ ಇದೆ, ನೀತೀಲೇ ಇದೆ."

ಅಪ್ಪ ಬಗ್ಗಿ ನನ್ನ ಚಪ್ಪಲಿ ನೋಡಿದರು. "ಬೂಟಿದೆಯಾ?"

ಜನವರಿ 19

ಜೀಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಟೀ ಬ್ರೇಕ್.

ನನ್ನದು ಕಾವಲು. ಬೆಂಕಿಗೆ ಬೆನ್ನು ಹಾಕಿ ನಿಲ್ಲುವುದು. ಕಿಡಿ ಹಾರಿ ಈಚೆಯ ಒಣ ನೆಲಕ್ಕೆ ಬಿತ್ತಾ ಅಂತ ಎದುರು ಮಾತ್ರ ನೋಡಬೇಕು. ಒಂದು ಸಲ ತಿರುಗಿಬಿಟ್ಟೆ — ಅಪ್ಪ ಹೇಗೆ ಕೆಲಸ ಮಾಡ್ತಾರೆ, ನೋಡಿಯೇ ಇಲ್ಲ ನಾನು. "ನನ್ನ ಮುಖದಲ್ಲೇನಿದೆ? ನಿನ್ನ ನೆಲ ನೋಡು," ಎಲ್ಲರೆದುರಿಗೇ ಗದರಿದರು.

ಇಷ್ಟು ದೂರ ಬಂದು, ಅಪ್ಪನಿಗೆ ಬೆನ್ನು ಹಾಕಿ ನಿಂತಿದ್ದೆ. ಬೆನ್ನಿಗೆ ಬಿಸಿ. ಅವರ ಕೆಮ್ಮು ಒಮ್ಮೆ ಹತ್ತಿರ, ಒಮ್ಮೆ ದೂರ. ಅದನ್ನೇ ಲೆಕ್ಕ ಹಿಡಿದು ಅವರೆಲ್ಲಿದ್ದಾರೆ ಅಂತ ತಿಳಿಯುತ್ತಿದ್ದೆ. ಇಷ್ಟು ಹೊತ್ತು ಜೊತೆಗಿದ್ದದ್ದು ಯಾವಾಗ... ನೆನಪಾಗುತ್ತಿಲ್ಲ.

ಟೀ ಮುಗಿಯಿತು ಅಂತ ಯಾರೋ ಶಿಳ್ಳೆ ಹಾಕಿದರು. ಅಪ್ಪ ಆಚೆ ತುದಿಗೆ ಹೋಗುತ್ತಾರಂತೆ, ಇನ್ನು ಕೆಮ್ಮೂ ಕೇಳಿಸಲ್ಲ. ಅಗೋ, ನಿಂತಿದ್ದಾರೆ. ಮುಖವೆಲ್ಲ ಮಸಿ. ಕೈ ಮಾಡಿ ಕರೆಯುತ್ತಿದ್ದಾರೆ. ಓಡಿದರೆ, ಕಾವಲಿಗೆ ನಿಲ್ಲುವ ಮೊದಲು ಒಂದು ನಿಮಿಷ ಅವರ ಮುಖ ನೋಡಬಹುದು. ಹೊರಟೆ.