ಕೈಯಿಂದ ಪ್ರಾರ್ಥಿಸಲು ಕಲಿಸಿದ ಅಕ್ಕನಿಗೆ

ಪ್ರೀತಿಯ ಅಕ್ಕ,

ನಿನ್ನೆ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಅವರೇಕಾಯಿ ರಾಶಿಯ ಮುಂದೆ ನಿಂತಿದ್ದವನು ನೀನಿದ್ದೀಯೆಂದು ಪಕ್ಕಕ್ಕೆ ತಿರುಗಿ, ಕೈ ಎತ್ತಿ ‘ಎಷ್ಟು ತಗೊಳ್ಳೋಣ?’ ಎಂದು ಸನ್ನೆ ಮಾಡಿಬಿಟ್ಟೆ. ಪಕ್ಕದಲ್ಲಿದ್ದ ಯಾರೋ ಹೆಂಗಸು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಕಾಯಿ ಮಾರುವ ರತ್ನಮ್ಮ ಮಾತ್ರ ನನ್ನ ಗುರುತು ಹಿಡಿದಳು. “ಫಾರಿನ್ನಿಂದ ಯಾವಾಗ್ ಬಂದ್ರಿ ಸಾರ್? ಅಕ್ಕಾವ್ರು ಬರ್ಲಿಲ್ವಾ? ಸೊಗಡಿನ ಕಾಯಿ ಬಂದಿದೆ ಅಂತ ಹೇಳಿ ಅವ್ರಿಗೆ.” ಮಳೆಗಾಲದಲ್ಲೇ ಎದೆನೋವು ಬಂದು ನೀನು ಹೋಗಿಬಿಟ್ಟೆ ಎಂದು ಅವಳಿಗೆ ಹೇಳಬೇಕಾಯಿತು. ಅವಳು ಬಾಯಿಗೆ ಸೆರಗು ಹಿಡಿದಳು. ಆಮೇಲೆ ತೂಕ ಮುಗಿದ ಚೀಲಕ್ಕೆ ಇನ್ನೆರಡು ಬೊಗಸೆ ಸುರಿದು, “ಇದು ಅವ್ರ ಕೊಸರು. ಅಕ್ಕಾವ್ರು ಕೇಳ್ತಾನೇ ಇರ್ಲಿಲ್ಲ, ಎತ್ಕೊಂಡ್ಬಿಡ್ತಿದ್ರು” ಎಂದಳು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅದಕ್ಕೇ ಈ ಕಾಗದ. ನಮ್ಮಿಬ್ಬರ ನಡುವೆ ದನಿಯಿರಲಿಲ್ಲ. ಕೈಯಿತ್ತು, ಕೈ ಸಾಲದಾದಾಗ ಚೀಟಿಯಿತ್ತು. ನಾನು ಉದ್ದುದ್ದ ಬರೆದರೆ ನೀನು ಅರ್ಧಕ್ಕೆ ಗೀಟು ಎಳೆದು ವಾಪಸ್ಸು ಕೊಡುತ್ತಿದ್ದೆ. ಇದಕ್ಕೂ ಗೀಟು ಎಳೆ, ಬೇಜಾರಿಲ್ಲ.

ಭಾನುವಾರದ ಆರಾಧನೆ ನೆನಪಿದೆಯಾ? ನಮ್ಮ ಚರ್ಚಿನ ಎಡಬದಿಯ ಬೆಂಚು. ನೀನು ಗೋಡೆಯ ಕಡೆ, ನಡುವೆ ನಾನು, ಈಚೆ ಅಮ್ಮ. ಪಾದ್ರಿ ಅಯ್ಯನವರ ಪ್ರಸಂಗವನ್ನು ನಿನಗೆ ಕೈಯಲ್ಲಿ ಹೇಳುವುದು ಚಿಕ್ಕಂದಿನಿಂದಲೂ ನನ್ನ ಕೆಲಸ. ಅವರು ಅರ್ಧ ಗಂಟೆ ಏರುದನಿಯಲ್ಲಿ ಹೇಳಿದ್ದನ್ನೆಲ್ಲ ನಾನು ‘ಒಳ್ಳೆಯವರಾಗಿರಿ ಅಂತಿದಾರೆ’ ಎಂದು ಎರಡೇ ಸನ್ನೆಯಲ್ಲಿ ಮುಗಿಸಿಬಿಡುತ್ತಿದ್ದೆ. ‘ಅದಕ್ಕೆ ಅಷ್ಟೊಂದು ಬೆವರ್ತಾರಾ?’ ಎಂದು ನೀನು ಕೇಳುತ್ತಿದ್ದೆ. ನಮ್ಮಿಬ್ಬರ ಭುಜಗಳು ಕುಲುಕುವುದನ್ನು ಕಂಡು ಅಮ್ಮ ನನ್ನ ತೊಡೆ ಚಿವುಟುತ್ತಿದ್ದಳು. ಆದರೆ ಹಾಡು ಶುರುವಾದ ಕೂಡಲೇ ನೀನು ಬೇರೆಯವಳಾಗುತ್ತಿದ್ದೆ. ಚಪ್ಪಲಿ ಬಿಟ್ಟು, ಎರಡೂ ಅಂಗೈಯನ್ನು ಮುಂದಿನ ಬೆಂಚಿನ ಮರಕ್ಕೆ ಒತ್ತಿ ಕಣ್ಣು ಮುಚ್ಚುತ್ತಿದ್ದೆ. ಆರ್ಗನ್ನಿನ ನಡುಕ ಮರದೊಳಗೆ ಹಾದು ನಿನ್ನ ಕೈಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ನಿನ್ನ ಮುಖದಲ್ಲಿ ಇರುತ್ತಿದ್ದದ್ದು ನನಗೆ ಎಂದೂ ಸಿಕ್ಕಿರಲಿಲ್ಲ. ಅಷ್ಟೂ ಮಾತು ಕೇಳಿಸುತ್ತಿದ್ದದ್ದು ನನಗೆ, ತಲುಪುತ್ತಿದ್ದದ್ದು ನಿನಗೆ. ಅದು ಹೇಗೆ ಅಕ್ಕ?

ಆಫ್ರಿಕಾದ ಮಲಾವಿಯಿಂದ ಬಂದ ಅತಿಥಿಯೊಬ್ಬರು ಒಂದು ಭಾನುವಾರ ಮಾತಾಡಿದರಲ್ಲ, ಅವತ್ತು ನಾನು ಎಂದಿನಂತೆ ಚುಟುಕಾಗಿ ಹೇಳಿ ಮುಗಿಸಿದೆ: ‘ಹಳ್ಳಿಯಲ್ಲಿ ಒಂದು ಮಿಷನ್ ಶಾಲೆ. ಕಿವಿ ಕೇಳಿಸದ ಮಕ್ಕಳು. ಟೀಚರ್ ಬೇಕಂತೆ.’ ನೀನು ನನ್ನ ಮೊಣಕೈ ಹಿಡಿದು ಇಡೀ ಮಾತನ್ನು ಮತ್ತೊಮ್ಮೆ ಹೇಳಿಸಿದೆ. ಆಮೇಲೆ ನನ್ನ ಎದೆಗೆ ಬೆರಳು ಚುಚ್ಚಿದೆ. ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಚಿ ಮಡಚಿ ನನ್ನನ್ನು ಓದಿಸಿದವಳು ನೀನು. ಕಿವುಡ ಮಕ್ಕಳಿಗೆ ಪಾಠ ಹೇಳುವ ತರಬೇತಿಗೆ ಸೇರಿಸಿದವಳೂ ನೀನೇ. ಮನೆಯಲ್ಲಿ ಅಮ್ಮ ಹಾರಾಡಿದಳು. “ಎಲ್ರೂ ಫಾರಿನ್‌ಗೆ ಹೋದ್ರೆ ಮನೆ ಕಟ್ಟಿಸ್ತಾರೆ, ಇವ್ನು ಅಲ್ಲಿ ಹೋಗಿ ಸೊಳ್ಳೆ ಕಚ್ಚಿಸ್ಕೊಂಡು ಸಾಯ್ತಾನಾ? ಚಾಮರಾಜಪೇಟೇಲಿ ದೇವ್ರಿಲ್ವಾ?” ನೀನು ಊಟದ ಮೇಜು ಕುಟ್ಟಿದೆ. ನಿನ್ನ ಕಡೆ ನೋಡಬೇಕು ಎಂಬುದಕ್ಕೆ ನಮ್ಮ ಮನೆಯ ಗಂಟೆ ಅದು. ‘ಇಲ್ಲಿರೋ ದೇವರು ಇಲ್ಲೇ ಇರ್ತಾನೆ, ನಾನು ನೋಡ್ಕೋತೀನಿ. ಇವನು ಹೋಗಲಿ’ ಎಂದೆ. ಅದನ್ನು ಅಮ್ಮನಿಗೆ ಬಾಯಲ್ಲಿ ಹೇಳಬೇಕಾದವನೂ ನಾನೇ. ದೇವರು ಕರೆದ ಎಂದು ಚರ್ಚಿನವರೆಲ್ಲ ನನ್ನ ಕೈ ಕುಲುಕಿದರು. ನನಗೆ ಕೇಳಿಸಿದ್ದು ನೀನು ಮೇಜು ಕುಟ್ಟಿದ ಸದ್ದು ಮಾತ್ರ.

ಮೊದಲ ದಿನದ ಊಟದ ಕತೆಯನ್ನು ವಿಡಿಯೋ ಕಾಲಿನಲ್ಲಿ ನಿನಗೆ ಎಷ್ಟು ಸಲ ಹೇಳಿದೆನೋ! ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಅವರು ನ್ಸಿಮಾ ಅನ್ನುತ್ತಾರೆ. ಮಕ್ಕಳೆಲ್ಲ ಸುತ್ತ ಕೂತು ನಾನು ಹೇಗೆ ತಿನ್ನುತ್ತೇನೆಂದು ನೋಡುತ್ತಿದ್ದವು. ನಾನು ಮುರಿದು, ಸೊಪ್ಪಿನ ಪಲ್ಯಕ್ಕೆ ಅದ್ದಿ, ಅಗಿಯದೆ ನುಂಗಿಬಿಟ್ಟೆ. ಮುದ್ದೆ ನುಂಗುವುದನ್ನು ನಮಗೆ ಹೇಳಿಕೊಡಬೇಕೆ? ಅವಕ್ಕೆ ಮಾತ್ರ ಆಶ್ಚರ್ಯವೋ ಆಶ್ಚರ್ಯ. ಆಮೇಲೆ ನನ್ನ ಪರಿಚಯ ಹೇಳಿಕೊಂಡೆ. ಅಲ್ಲಿನ ಸನ್ನೆಗಳನ್ನು ಇನ್ನೂ ಕಲಿತಿರಲಿಲ್ಲ. ಅಮ್ಮ ಎಂದು ಹೇಳಲು ನಮ್ಮ ಮನೆಯ ಸನ್ನೆಯನ್ನೇ ಮಾಡಿದೆ, ಮೂಗುಬೊಟ್ಟಿನ ಜಾಗಕ್ಕೆ ಬೆರಳು. ಆ ಶಾಲೆಯಲ್ಲಿ ಅದಕ್ಕೆ ನೆಗಡಿ ಎಂದರ್ಥ. ‘ಊರಿನಲ್ಲಿ ನನ್ನ ನೆಗಡಿ ಇದ್ದಾಳೆ. ನೆಗಡಿಗೆ ನಾನೆಂದರೆ ಬಹಳ ಪ್ರೀತಿ’ ಎಂದು ಗಂಭೀರವಾಗಿ ಹೇಳುತ್ತಿದ್ದೆ. ಮಕ್ಕಳು ನೆಲದ ಮೇಲೆ ಉರುಳಾಡಿದವು. ಇದನ್ನು ಹೇಳಿದಾಗ ನೀನು ನಕ್ಕು ನಕ್ಕು ಫೋನನ್ನೇ ಬೀಳಿಸಿದ್ದೆ. ನನಗೆ ಸ್ವಲ್ಪ ಹೊತ್ತು ನಮ್ಮ ಮನೆಯ ಸೂರು ಮಾತ್ರ ಕಾಣುತ್ತಿತ್ತು.

ಆದರೆ ನಗುವಿಲ್ಲದ ದಿನಗಳೂ ಇದ್ದವು. ದಿನಾ ಬೆಳಿಗ್ಗೆ ಶಾಲೆಯ ಪ್ರಾರ್ಥನೆ. ಟೀಚರುಗಳು ಚೆನ್ನಾಗಿ ಹಾಡುತ್ತಿದ್ದರು. ಮಕ್ಕಳು ಸಾಲಾಗಿ ನಿಂತು, ಅವರ ಬಾಯಿ ತೆರೆದು ಮುಚ್ಚುವುದನ್ನು ನೋಡುತ್ತಾ ಮುಗಿಯುವುದನ್ನೇ ಕಾಯುತ್ತಿದ್ದವು. ನಾನೂ ಹಾಗೇ ನಿಲ್ಲುತ್ತಿದ್ದೆ, ಮುಗಿಯಲಿ ಎಂದು. ಒಂದು ದಿನ ತಡೆಯಲಾಗದೆ ಹೆಡ್‌ಮಿಸ್ ಬಾಂಡಾ ಅವರನ್ನು ಕೇಳಿದೆ, “ಈ ಮಕ್ಕಳಿಗೆ ಇದರಿಂದ ಏನು ಸಿಗುತ್ತೆ ಮೇಡಂ?” ಅವರು ದಪ್ಪ ಶರೀರದ, ನಿಧಾನ ಮಾತಿನ ಹೆಂಗಸು. ಕನ್ನಡಕ ತೆಗೆದು ಒರೆಸಿಕೊಂಡು, “ಏನೂ ಸಿಗಲ್ಲ ಅಂತ ನನಗೂ ಗೊತ್ತು. ಸಿಗೋ ಹಾಗೆ ನೀವು ಮಾಡಿ. ಅದಕ್ಕೇ ಅಲ್ವಾ ಅಷ್ಟು ದೂರದಿಂದ ಬಂದಿರೋದು?” ಎಂದರು. ನನಗೆ ಭಯವಾಯಿತು. ಗಣಿತ ಹೇಳಿಕೊಡಬಲ್ಲೆ. ದೇವರನ್ನು? ನನ್ನ ಕೈಯಲ್ಲಿ ದೇವರ ಬಗ್ಗೆ ಹೇಳಲು ಏನಿತ್ತು?

ಆ ಸಂಜೆ ನಿನಗೆ ಕಾಲ್ ಮಾಡಿದೆ. ನೀನು ಉಪದೇಶ ಮಾಡಲಿಲ್ಲ. ‘ನೆಲ ಯಾವುದು? ಸಿಮೆಂಟಾ? ಹಲಗೆ ಹಾಕ್ಸು. ಚಪ್ಪಲಿ ಬಿಚ್ಚಿಸು. ಡೋಲು ಇದೆಯಾ?’ ಎಂದು ಕೇಳಿದೆ. ಡೋಲಿಗೇನು ಕಮ್ಮಿ ಆ ಊರಲ್ಲಿ! ಹಳೆಯ ದಾಸ್ತಾನು ಕೋಣೆಯ ಹಲಗೆಗಳನ್ನು ತಂದು ಪ್ರಾರ್ಥನೆಯ ಹಾಲಿನಲ್ಲಿ ಹಾಸಿದೆವು. ದೊಡ್ಡ ಡೋಲನ್ನು ಹಲಗೆಯ ಮೇಲೇ ಇಟ್ಟು ಬಾಂಡಾ ಅವರೇ ಬಾರಿಸಿದರು. ಬರಿಗಾಲಿನಲ್ಲಿ ನಿಂತಿದ್ದ ಮಕ್ಕಳು ಮೊದಲು ತಮ್ಮ ತಮ್ಮ ಪಾದ ನೋಡಿಕೊಂಡವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದವು. ಚಿಸೊಮೊ ಎಂಬ ಹುಡುಗಿಯೊಬ್ಬಳಿದ್ದಳು. ಅಜ್ಜಿ ತಂದುಬಿಟ್ಟು ಹೋದ ಮೇಲೆ ಯಾರ ಜೊತೆಗೂ ಸೇರದೆ ಬಾಗಿಲ ಪಕ್ಕವೇ ನಿಲ್ಲುತ್ತಿದ್ದವಳು. ಅವಳು ಮೆಲ್ಲಗೆ ಬಂದು ಒಂದು ಕಾಲನ್ನು ಹಲಗೆಯ ಮೇಲಿಟ್ಟಳು, ಬಿಸಿ ತಾಗಿದಂತೆ ಎಳೆದುಕೊಂಡಳು, ಮತ್ತೆ ಇಟ್ಟಳು. ಆಮೇಲೆ ಅಂಗಾತ ಮಲಗಿಯೇಬಿಟ್ಟಳು, ಇಡೀ ಬೆನ್ನಿನಿಂದ ಕೇಳಿಸಿಕೊಳ್ಳಲು! ಒಬ್ಬೊಬ್ಬರಾಗಿ ಎಲ್ಲರೂ ಮಲಗಿದರು. ಪ್ರಾರ್ಥನೆಗೆ ನಿಂತಿದ್ದ ಶಾಲೆ ಪೂರ್ತಿ ನೆಲದ ಮೇಲೆ, ಸೂರಿನತ್ತ ಬಾಯಿ ತೆರೆದು ನಗುತ್ತಾ. ಬಾಂಡಾ ಅವರು ಬಾರಿಸುತ್ತಲೇ ಅಳುತ್ತಿದ್ದರು. ನಾನೂ ಚಪ್ಪಲಿ ಬಿಟ್ಟು ಮಲಗಿದೆ. ಅಕ್ಕ, ಚರ್ಚಿನ ಬೆಂಚಿಗೆ ಕೈಯೊತ್ತಿ ನೀನು ಏನು ಕೇಳುತ್ತಿದ್ದೆ ಎಂದು ನನಗೆ ಮೊದಲ ಸಲ ಗೊತ್ತಾದದ್ದು ಆಗ.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು. ಫೋನಿನಲ್ಲಿ ಹೇಳಿದರೆ ಗಾಬರಿಯಾಗುತ್ತೀಯ, ರಜೆಗೆ ಬಂದಾಗ ಎದುರು ಕೂತು ಹೇಳೋಣ ಎಂದುಕೊಂಡಿದ್ದೆ...

ನೀನು ಹೋಗುವ ಕೆಲವು ತಿಂಗಳ ಮುಂಚೆ, ಅಲ್ಲಿನ ಮಳೆಗಾಲದಲ್ಲಿ, ಚಿಸೊಮೊಗೆ ಮಲೇರಿಯಾ ಬಂತು. ಬಂದದ್ದು ಸೀದಾ ತಲೆಗೇರಿತು. ಮಿಷನ್ ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಮೈಮೇಲೆ ಎಚ್ಚರವಿರಲಿಲ್ಲ. ಡಾಕ್ಟರು ಸೂಜಿ ಮದ್ದು ಕೊಟ್ಟು, “ನಮ್ಮ ಕೈಲಾಗಿದ್ದು ಮಾಡಿದ್ದೇವೆ. ಕಾಯಬೇಕು” ಎಂದರು. ಹೊಳೆ ತುಂಬಿ ಹರಿಯುತ್ತಿದ್ದುದರಿಂದ ಅವಳ ಅಜ್ಜಿ ಆಚೆ ದಡದಲ್ಲೇ ಸಿಕ್ಕಿಕೊಂಡಿದ್ದರು. ಮಂಚದ ಪಕ್ಕ ನಾನೇ ಕೂತೆ. ಮರುದಿನ ಮಧ್ಯಾಹ್ನವಾದರೂ ಅವಳು ಕಣ್ಣು ಬಿಡಲಿಲ್ಲ. ವಾರ್ಡಿನ ನರ್ಸೊಬ್ಬರು ನನ್ನ ಭುಜ ಮುಟ್ಟಿ, “ನೀವು ಮಿಷನರಿ ಅಲ್ವಾ? ಪ್ರಾರ್ಥನೆ ಮಾಡಿ” ಎಂದು ಹೇಳಿ ಹೋದರು. ಬಾಯಿ ತೆರೆದೆ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಅಷ್ಟೂ ಪ್ರಾರ್ಥನೆಗಳಲ್ಲಿ ಒಂದೂ ಬರಲಿಲ್ಲ.

ಆಗ ನನ್ನ ಕೈಗಳು ತಾವಾಗಿಯೇ ಎದ್ದವು. ನೀನು ಮಲಗುವ ಮುಂಚೆ ಹಾಸಿಗೆಯ ಮೇಲೆ ಕೂತು ಮಾಡುತ್ತಿದ್ದೆಯಲ್ಲ, ಹಾಗೆ. ‘ಸ್ವಾಮಿ, ಈ ಮಗು ಚಿಕ್ಕದು. ಈ ಮಗು ನಿನ್ನದು. ಇದರ ಅಜ್ಜಿ ಹೊಳೆಯಾಚೆ ಇದ್ದಾಳೆ. ಇದನ್ನು ನಮಗೆ ಬಿಟ್ಟುಕೊಡು.’ ಮತ್ತೆ ಮತ್ತೆ ಅದನ್ನೇ ಹೇಳಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು ಅಕ್ಕ. ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಮಗು ಉಳಿಯುತ್ತದೆಂಬ ಧೈರ್ಯವೇನೂ ಬರಲಿಲ್ಲ. ನಾನು ಒಬ್ಬನೇ ಕೂತಿಲ್ಲ ಎಂಬುದು ಮಾತ್ರ ಮೈಗೆ ಗೊತ್ತಾಯಿತು. ಅದುವರೆಗೆ ನನ್ನ ನಂಬಿಕೆಯೆಲ್ಲ ನಿನ್ನ ಪಕ್ಕದಲ್ಲಿ ಕೂತು ಸಾಲ ಪಡೆದ ಬಿಸಿಲಿನಂತಿತ್ತು. ಅವತ್ತು ನನ್ನ ಮೇಲೇ ಬಿಸಿಲು ಬಿತ್ತು.

ಸಂಜೆಯಾಗುತ್ತಿತ್ತು. ‘ಅಜ್ಜಿ’ ಎಂದು ಸನ್ನೆ ಮಾಡುತ್ತಿದ್ದ ನನ್ನ ಕೈಗೆ ಏನೋ ತಾಗಿತು. ನೋಡಿದರೆ ಚಿಸೊಮೊ ಕಣ್ಣು ಬಿಟ್ಟಿದ್ದಾಳೆ. ಸೂಜಿ ಚುಚ್ಚಿದ್ದ ಕೈಯನ್ನು ಕಷ್ಟಪಟ್ಟು ಎತ್ತಿ, ನನ್ನ ಬೆರಳು ಹಿಡಿದು ಮಡಚುತ್ತಿದ್ದಾಳೆ. ನಾನು ಅಜ್ಜಿ ಎಂಬ ಸನ್ನೆಯನ್ನು ತಪ್ಪು ಮಾಡುತ್ತಿದ್ದೆನಂತೆ! ತಿದ್ದಿದಳು. ಸರಿಯಾಗಿ ಮಾಡುವವರೆಗೂ ಬಿಡಲಿಲ್ಲ. ನಾನು ಮಾಡಿ ತೋರಿಸಿದ ಮೇಲೆ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿ ನೀರು ಕೇಳಿದಳು. ನಾನು ಆ ವಾರ್ಡಿನಲ್ಲಿ ಹುಚ್ಚನ ಹಾಗೆ ಜೋರಾಗಿ ನಕ್ಕೆ. ಪಕ್ಕದ ಮಂಚದವರು ನಕ್ಕರು, ಓಡಿಬಂದ ನರ್ಸೂ ನಕ್ಕರು. ಹಾಗೆ ನಗುತ್ತಲೇ ಕೃತಜ್ಞತೆ ಹೇಳಬಹುದು ಎಂದು ನನಗೆ ಯಾವ ಪ್ರಸಂಗದಲ್ಲೂ ಯಾರೂ ಹೇಳಿರಲಿಲ್ಲ.

ನೀನು ಹೋದ ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಎಷ್ಟು ಒದ್ದಾಡಿದರೂ ಮಣ್ಣಿಗೆ ಬರಲಾಗಲಿಲ್ಲ. ಅದು ನಿನಗೆ ಗೊತ್ತಿರಬೇಕು. ಆ ಊರಲ್ಲಿ ಸಾವಿನ ಮನೆಗೆ ಬಂದವರು ಸಮಾಧಾನದ ಮಾತು ಹೇಳುವುದಕ್ಕಿಂತ ಹೆಚ್ಚಾಗಿ ಸುಮ್ಮನೆ ಜೊತೆಗೆ ನೆಲದ ಮೇಲೆ ಕೂರುತ್ತಾರೆ. ಮಕ್ಕಳೆಲ್ಲ ಬಂದು ನನ್ನ ಕೋಣೆಯ ಮುಂದೆ ಕೂತವು. ಸ್ವಲ್ಪ ಹೊತ್ತಾದ ಮೇಲೆ ಚಿಸೊಮೊ, ‘ನಿಮ್ಮ ಅಕ್ಕನ ಹೆಸರು ಯಾವುದು?’ ಎಂದು ಕೇಳಿದಳು. ಹೆಸರೆಂದರೆ ಸನ್ನೆಯ ಹೆಸರು. ಹುಬ್ಬಿನ ಮೇಲಿನ ನಿನ್ನ ಮಚ್ಚೆಯ ಜಾಗ ಮುಟ್ಟಿ ತೋರಿಸಿದೆ. ಎಲ್ಲ ಮಕ್ಕಳೂ ತಮ್ಮ ತಮ್ಮ ಹುಬ್ಬು ಮುಟ್ಟಿಕೊಂಡವು. ನಿನ್ನನ್ನು ಕಾಣದ ಊರಿನಲ್ಲಿ ನಿನ್ನ ಹೆಸರು ಹೇಳುವವರು ಅಷ್ಟು ಜನ.

ಈಗ ಅಮ್ಮನ ವಿಷಯ. ಅವಳಿಗೆ ನಿನ್ನ ಜೊತೆ ಆಡಲು ಬರುತ್ತಿದ್ದ ಸನ್ನೆಗಳು ತಿನ್ನು, ಮಲಗು, ಜೋಪಾನ, ಅಷ್ಟೇ ತಾನೆ? ಉಳಿದದ್ದಕ್ಕೆಲ್ಲ ನಡುವೆ ನಾನು ಬೇಕಾಗಿತ್ತು. ನಾನು ದೇಶ ಬಿಟ್ಟ ಮೇಲೆ ನೀವಿಬ್ಬರೇ ಆ ಮನೆಯಲ್ಲಿ ಹೇಗೆ ದಿನ ಕಳೆದಿರಿ ಎಂದು ಅಲ್ಲಿ ಎಷ್ಟೋ ಸಲ ಯೋಚಿಸುತ್ತಿದ್ದೆ. ಈ ಸಲ ಬಂದು ನೋಡಿದರೆ ಅಮ್ಮ ದಿನಾ ಬೆಳಿಗ್ಗೆ ಕಾಫಿ ಕುಡಿದು ನನ್ನ ಮುಂದೆ ಕೂರುತ್ತಾಳೆ. “ಹೇಳ್ಕೊಡು. ಬೆರಳು ಬಗ್ಗಲ್ಲ, ನಿಧಾನವಾಗಿ ಹೇಳ್ಕೊಡು” ಎನ್ನುತ್ತಾಳೆ. ಯಾಕಮ್ಮ ಈಗ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: “ನೀನು ಆ ಮಕ್ಕಳನ್ನ ಬಿಟ್ಟು ಬರಲ್ಲ, ಗೊತ್ತು ನಂಗೆ. ಬಾ ಅಂತಾನೂ ಅನ್ನಲ್ಲ. ನಾನೇ ಬರ್ತೀನಿ. ಒಂದು ಮೂರ್ ತಿಂಗ್ಳು ಇದ್ದು ನೋಡ್ತೀನಿ.” ಮೈಸೂರಿನಾಚೆ ಹೋಗದವಳಿಗೆ ಪಾಸ್‌ಪೋರ್ಟ್ ಬಂದಿದೆ ಅಕ್ಕ! ಫೋಟೋದಲ್ಲಿ ಪೊಲೀಸರು ಹಿಡಿದುಕೊಂಡವರ ಹಾಗೆ ಕಾಣುತ್ತಾಳೆ. ಸಂಕ್ರಾಂತಿ ಕಳೆದು ಹೊರಡುತ್ತೇವೆ. ಅಲ್ಲಿರುವಷ್ಟು ದಿನ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಸೊಳ್ಳೆಪರದೆಯನ್ನು ನಾನೇ ಕಟ್ಟುತ್ತೇನೆ.

ಇವತ್ತು ಮಧ್ಯಾಹ್ನ ನಿನ್ನ ಸಮಾಧಿಗೆ ಬಂದಿದ್ದೆವು. ಅಮ್ಮ ಸೇವಂತಿಗೆ ಇಟ್ಟು, ಕೈಚೀಲವನ್ನು ನನಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎರಡೂ ಕೈ ಖಾಲಿ ಮಾಡಿಕೊಂಡು ನಿನ್ನ ಕಡೆ ತಿರುಗಿ ನಿಂತಳು. ನಿಧಾನವಾಗಿ, ತಪ್ಪುತ್ತಾ, ನಿಲ್ಲಿಸಿ ಮತ್ತೆ ಮೊದಲಿಂದ ಶುರುಮಾಡುತ್ತಾ, ನಿನಗೆ ಏನೋ ಹೇಳತೊಡಗಿದಳು.

ನಾನು ನೋಡಲಿಲ್ಲ ಅಕ್ಕ. ತಾಯಿ ಮಗಳು ಮಾತಾಡುವಾಗ ನಡುವೆ ನಾನೇಕೆ? ಆ ಕಡೆ ತಿರುಗಿ ನಿಂತುಕೊಂಡೆ.

ನಿನ್ನ ತಮ್ಮ