ರಕ್ತಸಂಬಂಧ ಇರುವುದಿಲ್ಲ

ಸಾತನೂರು
೧೧ ಆಗಸ್ಟ್ ೨೦೦೯

ಮಾವ,

ನಿನ್ನನ್ನು ಕಟ್ಟಿಕೊಂಡ ಮರುದಿನವೇ ಅಮ್ಮ ನನ್ನ ಕಿವಿ ಹಿಂಡಿ, ಇನ್ನು ಮೇಲೆ ‘ನೀನು’ ಅನ್ನಬೇಡ, ‘ನೀವು’ ಅನ್ನು ಎಂದಿದ್ದಳು. ಆರು ವರ್ಷ ಹಾಗೇ ಅಂದೆ. ಈ ಕಾಗದದಲ್ಲಿ ಮಾತ್ರ ‘ನೀನು’ ಎಂದೇ ಬರೆಯುತ್ತೇನೆ. ಬಹುವಚನಕ್ಕೆ ಬೇಕಾದಷ್ಟು ಮರ್ಯಾದೆ ಸದ್ಯಕ್ಕೆ ನನ್ನ ಹತ್ತಿರ ಉಳಿದಿಲ್ಲ. ಫೋನಿನಲ್ಲೇ ಹೇಳೋಣವೆಂದರೆ, ನನಗೆ ಸಿಟ್ಟು ಬಂದ ಕೂಡಲೇ ನಿನಗೆ ಆಸ್ಪತ್ರೆಯ ಡ್ಯೂಟಿಗೆ ಹೊತ್ತಾಗಿಬಿಡುತ್ತದೆ.

ನೀನು ಹೇಳಿದಂತೆ, ನೀನಿರುವ ದೇಶಕ್ಕೆ ಬರಲು ಹೆಂಡತಿಯ ವೀಸಾದ ಅರ್ಜಿಯನ್ನು ನಾನೇ ಕೂತು ತುಂಬಿದೆ. ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳಿಗೆ ಅರ್ಜಿ ತುಂಬುವುದು ಏನು ಮಹಾ! ಅದರಲ್ಲೊಂದು ಪ್ರಶ್ನೆ ಇತ್ತು: ನಿಮ್ಮ ಪತಿಯನ್ನು ಮೊದಲು ಎಲ್ಲಿ, ಯಾವಾಗ ಭೇಟಿಯಾದಿರಿ? ಇದ್ದದ್ದನ್ನು ಇದ್ದ ಹಾಗೆ ಬರೆದೆ. ‘ಚನ್ನಪಟ್ಟಣದ ಆಸ್ಪತ್ರೆಯಲ್ಲಿ, ನಾನು ಹುಟ್ಟಿದ ದಿನ. ಅವರು ನನ್ನ ತಾಯಿಯ ತಮ್ಮ. ಆಗ ಅವರಿಗೆ ಒಂಬತ್ತು ವರ್ಷ. ನನ್ನನ್ನು ಎತ್ತಿಕೊಳ್ಳಲು ಕೊಡಲಿಲ್ಲವೆಂದು ಅತ್ತರಂತೆ.’ ಬರೆದು ಮುಗಿಸಿ ನಗು ಬಂತು. ಇಷ್ಟು ಹಳೆಯ ಪರಿಚಯದ ಗಂಡಹೆಂಡಿರು ಆ ಆಫೀಸಿನವರಿಗೆ ಇನ್ನೆಲ್ಲಿ ಸಿಕ್ಕಾರು ಎಂದುಕೊಂಡೆ.

ರಾಮನಗರದಲ್ಲಿ ನೀನು ಗೊತ್ತುಮಾಡಿದ ವೀಸಾ ಏಜೆಂಟ್ ರಾಮಲಿಂಗಯ್ಯ ಮದುವೆ ರಿಜಿಸ್ಟರ್ ಆಗಿದೆಯಾ, ಒಟ್ಟಿಗೆ ಎಷ್ಟು ತಿಂಗಳು ಬಾಳಿದಿರಿ, ಫೋಟೋ ಎಷ್ಟಿವೆ ಎಂದೆಲ್ಲ ವಿಚಾರಿಸಿ ಖುಷಿಯಾಗೇ ಇದ್ದ. ಆ ಉತ್ತರ ಓದಿದ್ದೇ ಹಣೆ ಚಚ್ಚಿಕೊಂಡ. “ಏನ್ ಮೇಡಂ, ಹಿಂಗ್ ಬರ್ದ್‌ಬುಟ್ಟಿದ್ದೀರಾ? ಅಕ್ಕನ್ ಮಗಳ್ನ ಕಟ್ಕಂಡ್ರೆ ಅಲ್ಲಿ ಅದು ಮದ್ವೆನೇ ಅಲ್ಲ” ಅಂದ. ನಮ್ಮಲ್ಲಿ ರೂಢಿ ಇದೆ, ನಮ್ಮ ಕಾನೂನೂ ರೂಢಿಯನ್ನು ಒಪ್ಪುತ್ತದೆ ಎಂದೆ. “ನಮ್ ರೂಢಿ ವಿಮಾನ ಹತ್ತಲ್ಲ ಮೇಡಂ” ಎಂದು ನಕ್ಕ.

ಆಮೇಲೆ ದಾರಿ ಹೇಳಿಕೊಟ್ಟ. ವಂಶವೃಕ್ಷದ ಹೊಸ ಸರ್ಟಿಫಿಕೇಟ್ ಮಾಡಿಸುವುದಂತೆ. ಅದರಲ್ಲಿ ನಿನ್ನ ಅಪ್ಪ ಬೈರಾಪಟ್ಟಣದ ಮುನಿರಾಮಯ್ಯನವರಿಗೆ ಒಬ್ಬನೇ ಮಗ, ಹೆಣ್ಣುಮಕ್ಕಳೇ ಇಲ್ಲವಂತೆ. ಮದುವೆಯ ಫೋಟೋಗಳಲ್ಲಿ ಅಮ್ಮ ಇರುವುದನ್ನೆಲ್ಲ ತೆಗೆದುಹಾಕಬೇಕಂತೆ. ಕೊನೆಗೆ, ಕೃಷ್ಣಪ್ಪ ತನ್ನ ತಮ್ಮನಲ್ಲವೆಂದು ಅಮ್ಮ ಪ್ರಮಾಣಪತ್ರ ಕೊಡಬೇಕಂತೆ. ಇದೆಲ್ಲ ನಿನಗೆ ಎರಡು ತಿಂಗಳ ಹಿಂದೆಯೇ ಗೊತ್ತು, ನೀನು ಒಪ್ಪಿಯೂ ಆಗಿದೆ ಎಂದು ಅವನ ಬಾಯಿಂದ ಕೇಳಬೇಕಾಯಿತು. ಅವತ್ತು ಫೋನ್ ಮಾಡಿ ಕೇಳಿದಾಗ ನೀನು ಏನಂದೆ, ನೆನಪಿದೆಯಾ? “ಇಲ್ಲಿ ಯಾರ್ಗೂ ಹೇಳಿಲ್ಲ ಕಣೇ. ಗೊತ್ತಾದ್ರೆ ಅಸಹ್ಯ ಪಟ್ಕತಾರೆ.”

ಅಸಹ್ಯ! ಆ ಮಾತನ್ನು ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಆಡಿದ್ದೆ ಮಾವ. ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವನನ್ನು ಹೇಗೆ ಗಂಡ ಅನ್ನಲಿ, ಇಷ್ಟು ಹತ್ತಿರದ ರಕ್ತ ಒಳ್ಳೆಯದಲ್ಲ ಎಂದು ಪುಸ್ತಕ ತೆರೆದು ತೋರಿಸಿ ಗೋಗರೆದಿದ್ದೆ. ಆಗ ಜಗಲಿಯ ಮೇಲೆ ಕೂತು ಎರಡು ದಿನ ಊಟ ಬಿಟ್ಟವನು ಯಾರು? “ಅಕ್ಕನ್ ಮಗ್ಳು ನನ್ ಹಕ್ಕು. ಅದೆಂಗ್ ಹೊರಗ್ನೋರ್ಗೆ ಕೊಟ್ಟೀರಾ, ನೋಡೇಬುಡ್ತೀನಿ” ಎಂದು ಕೂಗಾಡಿದವನು ಯಾರು? ತಮ್ಮ ಉಪವಾಸ ಕೂತನೆಂದು ಅಮ್ಮ ಕರಗಿದಳು, ಅಮ್ಮ ಅತ್ತಳೆಂದು ನಾನು ಸೋತೆ. ಆಮೇಲೆ ನಿನ್ನ ಮೇಲೆ ಪ್ರೀತಿಯೂ ಬಂತು, ಸುಳ್ಳು ಹೇಳುವುದಿಲ್ಲ. ಈಗಲೂ ಪೂರ್ತಿ ಹೋಗಿಲ್ಲ, ಅದಕ್ಕೇ ಇಷ್ಟು ಹೇಸಿಗೆಯಾಗುತ್ತಿರುವುದು. ನನ್ನನ್ನು ಪಡೆಯಲು ಬೇಕಾಗಿದ್ದ ಅಕ್ಕ, ನನ್ನನ್ನು ಕರೆಸಿಕೊಳ್ಳಲು ಬೇಡವಾದಳು. ಆ ದೇಶದವರು ಅಸಹ್ಯಪಟ್ಟುಕೊಂಡರೆ ಪಟ್ಟುಕೊಳ್ಳಲಿ, ಅವರ ಪದ್ಧತಿ ಅವರದು. ನನಗೆ ಅಸಹ್ಯವಾಗಿರುವುದು ನೀನು.

ನನ್ನ ಮೇಲೂ ಹೇಸಿಗೆಯಿದೆ. ಯಾಕೆಂದರೆ ಇಷ್ಟೆಲ್ಲ ಗೊತ್ತಿದ್ದೂ ನಿನ್ನೆ ಅಮ್ಮನನ್ನು ಬಸ್ಸಿನಲ್ಲಿ ರಾಮನಗರಕ್ಕೆ ಕರೆದುಕೊಂಡು ಹೋದವಳು ನಾನೇ. ನಾಲ್ಕು ವರ್ಷದಿಂದ ಗಂಡನಿಲ್ಲದೆ ಬಾಳಿ ಸಾಕಾಗಿತ್ತು. ಅಮ್ಮ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದಳು, ಮಗಳನ್ನು ಗಂಡನ ಮನೆಗೆ ಕಳಿಸುವ ಶಾಸ್ತ್ರ ಎಂಬಂತೆ. ಕೋರ್ಟಿನ ಮುಂದೆ ಟೈಪ್ ಮಾಡುವ ನಜೀರ್ ಸಾಹೇಬರು ಕಾಗದವನ್ನು ಕೂಡಲೇ ಅವಳ ಮುಂದಿಡಲಿಲ್ಲ. “ಮೊದ್ಲು ಪೂರ್ತಿ ಕೇಳಿಸ್ಕೊಳಿ ಅಮ್ಮ, ಆಮೇಲೆ ಸೈನ್ ಮಾಡಿ” ಎಂದು ಓದಿದರು. ‘ದೊಡ್ಡಲಕ್ಷ್ಮಮ್ಮ ಆದ ನಾನು ಪ್ರಮಾಣೀಕರಿಸುವುದೇನೆಂದರೆ, ಸದರಿ ಬಿ.ಎಂ. ಕೃಷ್ಣಪ್ಪ ಎಂಬುವರು ನನ್ನ ಸಹೋದರರಾಗಿರುವುದಿಲ್ಲ. ನನಗೂ ಅವರಿಗೂ ಯಾವುದೇ ರಕ್ತಸಂಬಂಧ ಇರುವುದಿಲ್ಲ.’

ಅಜ್ಜಿ ತೀರಿಕೊಂಡಾಗ ನೀನು ಎರಡು ವರ್ಷದ ಕೂಸು, ಅಮ್ಮನಿಗೆ ಹದಿನಾಲ್ಕು. ಅವಳೇ ನಿನಗೆ ತಾಯಿಯಾದಳು. ಮದುವೆಯಾಗಿ ಸಾತನೂರಿಗೆ ಬರುವಾಗಲೂ ನಿನ್ನ ಕೈ ಬಿಡಲಿಲ್ಲ. ಸೊಸೆಯ ಜೊತೆಗೊಬ್ಬ ಹುಡುಗನೂ ಬಂದಿದ್ದಾನೆ ಎಂದು ನಮ್ಮ ಊರವರು ಆಡಿಕೊಂಡರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಂಥವಳು ಆ ಸಾಲುಗಳನ್ನು ಕೇಳಿ, “ಬರ್ಕಳಿ ಬುಡಿ, ಕಾಗ್ದದಲ್ಲಿ ತಾನೆ? ಮಗ್ಳು ಗಂಡನ್ ತಾವ ಹೋದ್ರೆ ಸಾಕು” ಅಂದಳು. ಪೆನ್ನು ಹಿಡಿದು, ನಾನು ಕಲಿಸಿಕೊಟ್ಟ ಹೆಸರನ್ನು ನಿಧಾನವಾಗಿ ಬರೆಯತೊಡಗಿದಳು. ‘ದೊಡ್ಡ’ ಎಂದು ಬರೆದು ನಿಲ್ಲಿಸಿದಳು. “ಸಾಬ್ರೇ, ಒಸಿ ಹೇಳಿ. ಇದ್ಕೆ ಸೈನ್ ಹಾಕುದ್‌ಮ್ಯಾಲೆ ಗೌರಿ ಹಬ್ಬುಕ್ಕೆ ಅವ್ನು ಕೊಡ್ಸೋ ಬಾಗ್ನ ನಾನ್ ಈಸ್ಕಬೋದಾ?”

ನಜೀರ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತರು. ರಾಮಲಿಂಗಯ್ಯ ಮಾತ್ರ, “ಬಾಗ್ನುಕ್ಕೆಲ್ಲ ವೀಸಾ ಕೇಳಲ್ಲ ಬುಡಮ್ಮೋ” ಎಂದು ಹಲ್ಲು ಕಿರಿದ. ನಾನು ಆ ಕಾಗದವನ್ನು ಅವಳ ಕೈಕೆಳಗಿನಿಂದ ಎಳೆದು ಅಲ್ಲೇ ಹರಿದುಹಾಕಿದೆ.

ಇವತ್ತು ಬೆಳಿಗ್ಗೆ, ನಾನು ಮೊದಲು ತುಂಬಿದ್ದ ಅರ್ಜಿಯನ್ನೇ ಒಂದಕ್ಷರ ತಿದ್ದದೆ ಕಳಿಸಿದ್ದೇನೆ. ಅಪ್ಪನ ಜೊತೆ ನಿಂತು ಅಮ್ಮ ನಿನಗೆ ನನ್ನನ್ನು ಧಾರೆ ಎರೆದುಕೊಡುತ್ತಿರುವ ಫೋಟೋವನ್ನೂ ಇಟ್ಟಿದ್ದೇನೆ. ತಿರಸ್ಕರಿಸುತ್ತಾರೆ, ಗೊತ್ತು. ಅವರು ಬೇಡ ಅಂದರೆ ಆ ನೋವನ್ನು ನುಂಗಿಕೊಂಡೇನು. ಅಕ್ಕನನ್ನೇ ಅಳಿಸಿದವನ ಮನೆಗೆ ಬಂದು, ನನ್ನ ಸರದಿ ಯಾವಾಗ ಎಂದು ಕಾಯುತ್ತ ಕೂರಲಾರೆ.

ಅಮ್ಮ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ಕಾಗದ ಹರಿದೆನಲ್ಲ ಎಂದರೂ ಸಮಾಧಾನವಿಲ್ಲ. “ಅರ್ಧ ಬರ್ದ್‌ಬುಟ್ಟಿದ್ನಲ್ಲವ್ವಾ, ಅದೂ ಲೆಕ್ಕುಕ್ಕೆ ಬತ್ತದಾ?” ಎಂದು ಮತ್ತೆ ಮತ್ತೆ ಕೇಳುತ್ತಾಳೆ. ನನಗೆ ಫೋನ್ ಮಾಡಬೇಡ. ಅವಳಿಗೆ ಮಾಡು. ನಿನ್ನ ಜೊತೆಯವರೆಲ್ಲ ಪಕ್ಕದಲ್ಲಿರುವಾಗಲೇ ಮಾಡು. ಅವರಿಗೆಲ್ಲ ಕೇಳುವಷ್ಟು ಜೋರಾಗಿ, ಒಂದೇ ಒಂದು ಸಲ, ‘ಅಕ್ಕಾ’ ಅಂತ ಕರೆ.

ಎಲ್ಲಿದ್ದರೂ ತಣ್ಣಗಿರು, ಹೊತ್ತುಹೊತ್ತಿಗೆ ಊಟ ಮಾಡು. ಈ ಹಾರೈಕೆ ಅಮ್ಮನದು, ಬರೆದಿದ್ದಷ್ಟೇ ನಾನು.

ನಿನ್ನ ಅಕ್ಕನ ಮಗಳು,
ಗಂಗಲಕ್ಷ್ಮಿ