ಇಳಕಲ್ ಸೀರಿಗೆ ಆ ಪುಡಿ ಬ್ಯಾಡ

ತಳೇಗಾಂವ
ರವಿವಾರ

ಅವ್ವಾ, ನಮಸ್ಕಾರ.

ನಿನ್ನ ಇಳಕಲ್ ಸೀರಿ ಸೆರಗಿನ ಕಲೆ ತೆಗೀಲಿಕ್ಕೆ ನಮ್ಮ ಫ್ಯಾಕ್ಟರಿಯ ಬಟ್ಟಿ ಒಗಿಯೂ ಪುಡಿ ಬೇಕಂತ ತಮ್ಮ ಮಾಂತು ಹೇಳಿದ. ಅವನ ಕೈಲೆ ಕಳಿಸೀನಿ. ಆದರ ಅದರಾಗ ಆ ಸೀರಿ ನೆನಿ ಹಾಕಬ್ಯಾಡ.

ಕುದಿಸಿದ್ರ ಎಲ್ಲಾ ಹುಳ ಸಾಯ್ತಾವ ಅಂತಿದ್ದಿ. ನಾವು ಬೆಳಸೂ ಬ್ಯಾಕ್ಟೀರಿಯಾ ಹಂಗಲ್ಲ. ಕೈ ಇಟ್ಟರ ಬೊಬ್ಬಿ ಬರೂವಂಥಾ ಬಿಸಿನೀರಾಗ ಅವು ಆರಾಮ ಇರ್ತಾವ. ಅವು ಬಿಡೂ ಎಂಜೈಮ್ ತಗದು ಬಟ್ಟಿ ಪುಡಿಗೆ ಹಾಕ್ತೀವಿ. ಅದು ಸುಡೂ ನೀರಾಗೂ ರಕ್ತ, ತತ್ತಿ, ಹಾಲಿನ ಕಲೆ ತಿಂತದ. ರೇಷ್ಮಿನೂ ಅವುಗಳಂಗ ಪ್ರೋಟೀನೇ, ಅದನ್ನೂ ತಿಂತದ. ಸೀರಿ ಒಡಲು ಹತ್ತಿ ನೂಲಿಂದು, ಉಳೀತದ. ರೇಷ್ಮಿ ಸೆರಗು ಜಾಳಾಗ್ತದ, ಆಮ್ಯಾಲೆ ನನಗ ಬೈತಿ. ಪುಡಿ ಅಪ್ಪನ ಧೋತರಕ್ಕ ಇರಲಿ.

ಸ್ವಪ್ನಿಲ್‌ನ್ನ ಮದುವಿ ಆದಾಗಿಂದ ನೀ ನನ್ನ ಕೂಡ ಮಾತು ಬಿಟ್ಟಿ. ನೀ ಇರೂ ಪಿಂಪ್ರಿಯೊಳಗ ಲೋಕಲ್ ರೈಲು ಹತ್ತಿದ್ರ ತಳೇಗಾಂವ ಏನು ದೂರ? ಇರಲಿ ಬಿಡು.

ಸೀರಿ ಮಾಂತುನ ಹೆಂಡತಿಗೆ ಉಡಸ್ತೀಯಂತ. ಚಲೋ ಹುಡುಗಿ, ಉಡಲಿ. ನಂದೇನೂ ತಕರಾರಿಲ್ಲ.

ಸೆರಗಿಗೆ ತಣ್ಣೀರು, ಅಂಟವಾಳಕಾಯಿ ಸಾಕು. ಅದಕ್ಕ ಆ ಕಲೆ ಹೋಗೂದಿಲ್ಲ, ನನಗ ಗೊತ್ತದ. ತೊಟ್ಟಿಲಕ್ಕ ಹಾಕಿದ ದಿನ ನಾ ಕಕ್ಕಿದ ಹಾಲು ಅದು ಅಂತ ಬಂದವರಿಗೆಲ್ಲಾ ನಗಕೋತ ತೋರಸ್ತಿದ್ದಿ. ಇದು ಯಾರ ಕಲೆ ಅಂತ ಆಕಿ ಕೇಳಿದ್ರ, ನನ್ನ ಹೆಸರು ಹೇಳು.

ನಿನ್ನ
ಶಿವಲೀಲಾ